ಹಸಿರು ಹಾಸು

ಮಗ್ಗದ ಮೇಲೆ ಉದ್ದಕ್ಕೆ ಎಳೆದ ಕೆಂಪು ನೂಲಿನ ಹಾಸು ಅರ್ಧಕ್ಕೆ ಬಂದಿದ್ದಾಗ ಬಸುರಿ ಮಗಳು ನೇತ್ರಾ ಗಂಡನ ಮನೆ ರೋಣದಿಂದ ಫೋನ್ ಮಾಡಿದ್ದಳು. ಸೀಮಂತದ ಕುಬಸಕ್ಕೆ ಅಪ್ಪ ನೇಯ್ದ ಹಸಿರು ಸೀರೆಯೇ ಬೇಕು, ಅಂಗಡಿಯದು ಬೇಡ.

"ನೇಯ್ತೀನವ್ವಾ. ಈ ಕೆಂಪಂದು ಮುಗೀಲಿ," ಎಂದಿದ್ದ ಫಕ್ಕೀರಪ್ಪ.

"ನೀ ಮುಗಸೂದ್ರಾಗ ನಿನ್ನ ಮೊಮ್ಮಗ ಸಾಲಿಗೆ ಹೊಕ್ಕಾನ!" ಎಂದು ನಕ್ಕಿದ್ದಳು.

ಗಜೇಂದ್ರಗಡದಲ್ಲಿ ಯಾವ ನೇಕಾರನೂ ಒಂದು ಸೀರೆಗಾಗಿ ಹಾಸು ಬದಲಿಸುವುದಿಲ್ಲ. ಬಣ್ಣ ಬದಲಾದರೆ ಹಳೆಯ ಹಾಸಿನ ಒಂದೊಂದು ಎಳೆಯ ತುದಿಗೂ ಹೊಸ ಎಳೆಯನ್ನು ಹೊಸೆದು ಕೂಡಿಸಬೇಕು. ಸಾವಿರಾರು ಎಳೆ. ಅಷ್ಟು ಹೊತ್ತೂ ಮಗ್ಗ ಸುಮ್ಮನೆ ಕೂರುತ್ತದೆ, ಹೊಟ್ಟೆ ಕೂರುವುದಿಲ್ಲ. ಅದಕ್ಕೇ ಒಂದು ಬಣ್ಣ ಹಾಕಿದರೆ ಆರೇಳು ಸೀರೆಗಾಗುವಷ್ಟು ಉದ್ದ ಹಾಕುತ್ತಾರೆ, ಹಾಕಿದ್ದನ್ನು ಮುಗಿಸಿಯೇ ಇಳಿಸುತ್ತಾರೆ. ನಡುವೆ ಕೊಯ್ದರೆ ನೂಲೂ ಹಾಳು, ಕೂಡಿಸಿದವರ ಕಣ್ಣೂ ಹಾಳು. ಈ ಮನೆಯಲ್ಲಿ ಕೂಡಿಸುವವಳು ಫಕ್ಕೀರಪ್ಪನ ಹೆಂಡತಿ ವೀರವ್ವ. ಎಳೆ ಜಾರದಂತೆ ಬೆರಳಿಗೆ ಬೂದಿ ಹಚ್ಚಿಕೊಂಡು ಕುಳಿತರೆ ಬೆನ್ನು ಮರಗಟ್ಟಿದ ಮೇಲೇ ಏಳುವುದು.

ಕೆಂಪು ಮುಗಿಯಿತು. ವೀರವ್ವ ಹಸಿರು ಕೂಡಿಸಿದಳು. ಮೊದಲ ಸೀರೆಯೇ ಮಗಳದು. ಅದು ಸೆರಗಿಗೆ ಬಂದ ದಿನ ಅಳಿಯ ಶರಣಬಸಪ್ಪನ ಫೋನ್ ಬಂತು. ದವಾಖಾನೆಯಲ್ಲಿದ್ದೇವೆ ಎಂದ. ಕೂಸು ಉಳಿಯಲಿಲ್ಲ ಎಂದ.

ನೇತ್ರಾಳನ್ನು ತವರಿಗೆ ಕರೆತಂದರು. ಮನೆಯೆಂದರೆ ಒಂದೇ ಪಡಸಾಲೆ, ಅದರಲ್ಲಿ ಅರ್ಧ ಮಗ್ಗ. ಎಲ್ಲಿ ಮಲಗಿದರೂ ಕಣ್ಣಿಗೆ ಹಸಿರು. ಫಕ್ಕೀರಪ್ಪ ಹಾಸಿನ ಮೇಲೆ ಹಳೆಯ ಧೋತರ ಹೊಚ್ಚಿದ. ನೂಲು ಕೊಡುವ ಸಾವುಕಾರನ ಆಳು ಎರಡು ಸಲ ಬಂದು ಸೀರೆ ಕೇಳಿ ಹೋದ. ಮಗ್ಗ ಸದ್ದು ಮಾಡಲಿಲ್ಲ.

ಮಗಳು ಕೇಳಿದಾಗಲೇ ಕೆಂಪನ್ನು ಕೊಯ್ದು ಹಸಿರು ಹಾಕಿದ್ದರೆ, ಇಷ್ಟರಲ್ಲಿ ಹಸಿರು ಮುಗಿದು ಮನೆಯಿಂದಾಚೆ ಹೋಗಿರುತ್ತಿತ್ತು. ಕೆಂಪನ್ನು ಕೊಯ್ಯದ ಅವನ ಲೆಕ್ಕದಲ್ಲಿ ತಪ್ಪಿರಲಿಲ್ಲ. ಅದೇ ಅವನನ್ನು ಹೆಚ್ಚು ಸುಡುತ್ತಿತ್ತು.

ಒಂದು ಮುಂಜಾನೆ ವೀರವ್ವನೇ ಕತ್ತರಿ ತಂದಳು. "ಕೊಯ್ದ ಒಗೀರಿ. ಬ್ಯಾರೆ ಬಣ್ಣ ಕೂಡಸ್ತೀನಿ."

"ನಿನ್ನ ಬೆನ್ನು?"

"ನನ್ನ ಬೆನ್ನಿನ ಸುದ್ದಿ ಬಿಡ್ರಿ. ಹುಡುಗಿ ಮಾರಿ ನೋಡ್ರಿ."

ಫಕ್ಕೀರಪ್ಪ ಧೋತರ ಸರಿಸಿದ. ಈವರೆಗೆ ಹಾಸನ್ನು ನಡುವೆ ಕೊಯ್ದವನಲ್ಲ. ಕತ್ತರಿ ತೆರೆದದ್ದು ಹಾಗೇ ನಿಂತಿತು.

"ತಡಿ ಅಪ್ಪಾ." ನೇತ್ರಾ ಗೋಡೆ ಹಿಡಿದು ಎದ್ದು ಬಂದಿದ್ದಳು. "ಅವ್ವ ಕೂಡಿಸ್ಯಾಳ. ಕೊಯ್ಬ್ಯಾಡ."

"ನಿನಗ ನೋಡಾಕ ಆಗೂದಿಲ್ಲವ್ವಾ."

"ಹೊಚ್ಚಿಟ್ರ ಇನ್ನೂ ಭಾಳ ಕಾಣತೈತಿ." ಅವಳು ನೂಲು ಸುತ್ತುವ ರಾಟಿಯ ಮುಂದೆ ಕುಳಿತಳು. "ನೇಯಿ. ಯಾರದರ ಕುಬಸಕ್ಕ ಆಕ್ಕೈತಿ."

ಹಸಿರು ನೂಲನ್ನು ಕಂಡಿಕೆಗೆ ಸುತ್ತಿ ಕೊಟ್ಟಳು. ಫಕ್ಕೀರಪ್ಪ ಅದನ್ನು ಲಾಳಿಗೆ ಹಾಕಿದ. ಸಂಜೆಗೆ ಸೆರಗು ಮುಗಿದು ಮೊದಲ ಸೀರೆ ಇಳಿಯಿತು. ವೀರವ್ವ ಅದನ್ನು ಮಡಚಿ ಎಲ್ಲಿಡಬೇಕೆಂದು ತಿಳಿಯದೆ ತೊಡೆಯ ಮೇಲೇ ಇಟ್ಟುಕೊಂಡಳು.

ನೇತ್ರಾ ತಲೆ ಎತ್ತಲಿಲ್ಲ.

"ಇನ್ನ ಎಷ್ಟ ಅದಾವ ಅಪ್ಪಾ?"

"ಐದು."

"ಲಗೂ ಲಗೂ ನೇಯಿ," ಎಂದಳು.