ಹಲ್ಲಕ್ಕನ ಸಾಮಾನು ಕೋಣೆ

ಶುಕ್ರವಾರ ಬಂತೆಂದರೆ ಹಲ್ಲಕ್ಕನಿಗೆ ಮೈ ಉರಿಯುತ್ತಿತ್ತು. ಹುಟ್ಟಿ ಬೆಳೆದ ಮನೆಯಲ್ಲಿ, ಮಧ್ಯಾಹ್ನ ಎರಡು ಗಂಟೆಯೊಳಗೆ, ತಾನೊಬ್ಬಳು ಅಲ್ಲಿ ಬದುಕುತ್ತಿದ್ದೇನೆಂಬ ಗುರುತೇ ಉಳಿಯದ ಹಾಗೆ ಮಾಡಿ ಹೊರಡಬೇಕು ಎಂದರೆ ಯಾರಿಗೆ ತಾನೆ ಉರಿಯುವುದಿಲ್ಲ? ಬಾಚಣಿಗೆ, ಮಾತ್ರೆ ಡಬ್ಬಿ, ಬಚ್ಚಲಿನ ಸೋಪು, ಗೋಡೆಯ ಮೇಲಿನ ಅಮ್ಮನ ಫೋಟೊ, ಒಗೆಯಲು ಬಿದ್ದಿದ್ದ ಬಟ್ಟೆ, ಎಲ್ಲವೂ ಹಿಂದಿನ ಸಾಮಾನು ಕೋಣೆಗೆ. ಸೋಮವಾರ ಬೆಳಿಗ್ಗೆ ಎಲ್ಲವೂ ವಾಪಸ್ಸು. ನಡುವೆ ಮನೆ ಬಾಡಿಗೆಗೆ ಬಂದವರದು. ಅವಳು ಎದುರು ಬೀದಿಯ ತಂಗಿಯ ಮನೆಯಲ್ಲಿ, ಸೋಫಾದ ಮೇಲೆ, ಕಾಲು ಮಡಚಿ ಮಲಗಬೇಕು.

ಈ ಏರ್ಪಾಡೆಲ್ಲ ತಂಗಿಯದೇ. ಅಮ್ಮ ಮನೆಯನ್ನು ಇಬ್ಬರ ಹೆಸರಿಗೂ ಬರೆದು ಕಣ್ಣು ಮುಚ್ಚಿದ್ದಳು. ಚಾವಣಿ ಸೋರತೊಡಗಿದಾಗ ತಂಗಿ, "ವಾರದ ಕೊನೆಗೆ ಬಾಡಿಗೆಗೆ ಕೊಡೋಣ ಅಕ್ಕಾ, ರಿಪೇರಿಗಾಗತ್ತೆ" ಎಂದಿದ್ದಳು. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಮಾತಾಡುವುದರಲ್ಲಿ ಅವಳದು ಎತ್ತಿದ ಕೈ. ಚಾವಣಿ ರಿಪೇರಿಯಾಗಿ ನಾಲ್ಕು ತಿಂಗಳಾಯಿತು. ಬಾಡಿಗೆಯವರು ಮಾತ್ರ ಬರುತ್ತಲೇ ಇದ್ದರು.

ಬೀದಿಯವರು ಅವಳನ್ನು ಹಲ್ಲಕ್ಕ ಎಂದು ಕರೆಯುತ್ತಿದ್ದುದು ಕಸುಬಿನಿಂದ. ಹಲ್ಲಿನ ಡಾಕ್ಟರು ರೋಗಿಯ ಬಾಯಿಯ ಅಳತೆ ತೆಗೆದು ಕಳಿಸುತ್ತಾರೆ. ಇವಳು ಅದಕ್ಕೆ ಪ್ಲಾಸ್ಟರ್ ಹುಯ್ದು ದವಡೆಯ ಅಚ್ಚು ಎತ್ತಿ, ಅದರ ಮೇಲೆ ಮೇಣ ಕೂರಿಸಿ, ಬಿದ್ದ ಹಲ್ಲಿನ ಜಾಗಕ್ಕೆ ಕಟ್ಟುಹಲ್ಲು ಮಾಡಿಕೊಡುತ್ತಾಳೆ. ಇಪ್ಪತ್ತೇಳು ವರ್ಷದಿಂದ ಮುಂದಿನ ಕೋಣೆಯ ಬೆಂಚಿನ ಮುಂದೆ ಕೂತು ಅವಳು ಊರಿಗೇ ಅಗಿಯಲು ಹಲ್ಲು ಕೊಟ್ಟಿದ್ದಳು. ಆ ಕೋಣೆಯೊಂದನ್ನು ಮುಟ್ಟಬಾರದು, ಬಾಡಿಗೆಯವರಿದ್ದಾಗಲೂ ಹಗಲು ಅವಳು ಅಲ್ಲಿ ಕೂತು ಕೆಲಸ ಮಾಡಬಹುದು ಎಂದು ಮಾತಾಗಿತ್ತು. ತಂಗಿ ಒಂದೇ ಷರತ್ತು ಹಾಕಿದ್ದಳು: ಡಾಕ್ಟರು ಕೆಲಸ ಕೊಡುವುದು ನಿಂತ ದಿನ ಅಲ್ಲಿಗೂ ಮಂಚ ಬೀಳುತ್ತದೆ. ಡಾಕ್ಟರು ಆಗಲೇ ಎರಡು ಸಲ ಗದರಿದ್ದರು. ಬಾಡಿಗೆಯವರು ಬೀದಿ ಬಾಗಿಲಿಗೆ ಬೀಗ ಹಾಕಿ ಊರು ಸುತ್ತಲು ಹೋಗಿ ಕೆಲಸ ತಡವಾಗಿದ್ದು ಅವರಿಗೇನು ಗೊತ್ತು? "ಇನ್ನೊಂದು ಸಲ ಹೀಗಾದ್ರೆ ಬೇರೆಯವರಿಗೆ ಕೊಡ್ತೀನಿ" ಎಂದುಬಿಟ್ಟಿದ್ದರು. ಈ ಸೋಮವಾರ ಬೆಳಿಗ್ಗೆ ಹತ್ತಕ್ಕೆ ಏಳು ಜನರ ಹಲ್ಲು ಅವರ ಮೇಜಿನ ಮೇಲಿರಬೇಕಿತ್ತು.

ಆ ಶುಕ್ರವಾರ ಹಲ್ಲಕ್ಕ ಮೇಣ, ಪ್ಲಾಸ್ಟರ್ ತರಲು ಹೋಗಿದ್ದವಳು ಒಂದು ಗಂಟೆಗೆ ಬಂದು ನೋಡುತ್ತಾಳೆ, ಮುಂದಿನ ಕೋಣೆಯಲ್ಲಿ ಎರಡು ಮಂಚ! ಬೆಂಚಿನ ಮೇಲೆ ಹೂವಿನ ಮೇಜುಬಟ್ಟೆ. ಅದರ ಮೇಲೊಂದು ಹೂದಾನಿ ಬೇರೆ.

"ಏನೇ ಇದು?" ಎಂದು ಅವಳು ಕಿರುಚಿದಳು.

ತಂಗಿ ದಿಂಬಿಗೆ ಕವರು ಹಾಕುತ್ತಿದ್ದವಳು ತಲೆಯೆತ್ತಲಿಲ್ಲ. "ಎಂಟು ಜನ ಬರ್ತಿದಾರೆ. ಇದೊಂದ್ಸಲ ಅಕ್ಕಾ. ನಿನ್ನ ಸಾಮಾನೆಲ್ಲ ಜೋಪಾನವಾಗಿ ಒಳಗಿಟ್ಟಿದೀನಿ. ಒಂದೂ ಒಡೆದಿಲ್ಲ, ಬೇಕಾದ್ರೆ ನೋಡ್ಕೋ."

ಹಲ್ಲಕ್ಕ ಸಾಮಾನು ಕೋಣೆಗೆ ಓಡಿದಳು. ಒಡೆದಿರಲಿಲ್ಲ, ನಿಜ. ಒಡೆದಿದ್ದರೂ ಇಷ್ಟು ಸಂಕಟವಾಗುತ್ತಿರಲಿಲ್ಲ. ತಂಗಿಯದು ಪಿಂಗಾಣಿ ಅಂಗಡಿ. ಕಪ್ಪುಗಳೆಲ್ಲ ಒಂದು ಕಡೆ, ಸಾಸರುಗಳೆಲ್ಲ ಒಂದು ಕಡೆ ಜೋಡಿಸಿ ಅಭ್ಯಾಸವಾದ ಕೈ. ಸೋಮವಾರದ ಏಳೂ ಸೇರಿ ಇಪ್ಪತ್ತೆರಡು ಬಾಯಿಗಳ ಅಚ್ಚನ್ನು ರಬ್ಬರ್ ಬ್ಯಾಂಡು ಬಿಚ್ಚಿ, ಮೇಲ್ದವಡೆಗಳನ್ನೆಲ್ಲ ಒಂದು ಡಬ್ಬಕ್ಕೂ ಕೆಳದವಡೆಗಳನ್ನೆಲ್ಲ ಇನ್ನೊಂದಕ್ಕೂ ತುಂಬಿದ್ದಳು. ನಡುನಡುವೆ ಕಾಗದ ಕೂಡ ಇಟ್ಟಿದ್ದಳು, ಮಹಾತಾಯಿ! ಹಲ್ಲಕ್ಕ ಹೆಸರು ಬರೆಯುತ್ತಿದ್ದುದು ಕೆಳದವಡೆಯ ಅಡಿಗೆ ಮಾತ್ರ. ಜೊತೆಯಾಗಿ ಕಟ್ಟಿಟ್ಟದ್ದಕ್ಕೆ ಎರಡೆರಡು ಸಲ ಯಾರು ಬರೆಯುತ್ತಾರೆ? ಈಗ ಯಾರ ಮೇಲ್ದವಡೆ ಯಾರದೋ. ಒಬ್ಬರ ಅಚ್ಚಿಗೆ ಇನ್ನೊಬ್ಬರದನ್ನು ಸೇರಿಸಿ ಹಲ್ಲು ಕಟ್ಟಿದರೆ ಒಂದು ತುತ್ತು ಅಗಿಯಲಾಗದು.

"ನಿನ್ನ ಕೈ ಸೇದಿಹೋಗ!" ಎಂದಳು ಹಲ್ಲಕ್ಕ. ನಾಲಿಗೆಯ ಮೇಲಿನ ಮಾತು ಆಚೆ ಬಿದ್ದಮೇಲೆ ವಾಪಸ್ಸು ತೆಗೆದುಕೊಳ್ಳಬೇಕೆಂದು ಅವಳಿಗೆ ಎಳ್ಳಷ್ಟೂ ಅನಿಸಲಿಲ್ಲ.

ಬಾಗಿಲಲ್ಲಿ ನಿಂತಿದ್ದ ತಂಗಿಯ ಮುಖ ಕೆಂಪಾಯಿತು. "ಅಷ್ಟು ನೀಟಾಗಿ ಇಟ್ಟಿದ್ದಕ್ಕೆ ಇದಾ ಮರ್ಯಾದೆ? ಯಾರ್ಯಾರೋ ಎಂಜಲು ಬಾಯಿ, ಮುಟ್ಟೋಕೇ ಅಸಹ್ಯ ನಂಗೆ. ಏಳು, ಹೊರಡು. ಅವರು ಬರೋ ಹೊತ್ತಾಯ್ತು, ಬೀಗ ಹಾಕ್ಬೇಕು."

"ನಾನು ಬರಲ್ಲ. ಇದೆಲ್ಲ ಜೊತೆ ಮಾಡೋವರೆಗೂ ಇಲ್ಲಿಂದ ಏಳಲ್ಲ."

"ಬಂದವರ ಮುಂದೆ ಹೀಗೆ ಕೂತಿರ್ತೀಯಾ? ಬೀಗ ಹಾಕ್ಬಿಡ್ತೀನಿ ನೋಡು."

"ಹಾಕ್ಕೋ ಹೋಗೇ!"

ತಂಗಿ ಹಾಕಿಯೇಬಿಟ್ಟಳು. ಅಕ್ಕ ಐದು ನಿಮಿಷಕ್ಕೆ ಕದ ಬಡಿದು ಬೇಡಿಕೊಳ್ಳುತ್ತಾಳೆ ಎಂದುಕೊಂಡಿದ್ದಳೇನೋ. ಹಲ್ಲಕ್ಕನ ಹಟ ಅವಳಿಗೆ ಗೊತ್ತಿರಲಿಲ್ಲವೆಂದಲ್ಲ, ತನ್ನ ಹಟವೂ ಅಷ್ಟೇ ಇತ್ತು.

ಸ್ವಲ್ಪ ಹೊತ್ತಿಗೆ ಆಚೆ ಗಲಾಟೆ ಶುರುವಾಯಿತು. ಸೂಟ್‌ಕೇಸು ಎಳೆಯುವ ಸದ್ದು, ನಗು, ಬಚ್ಚಲಿನ ನಲ್ಲಿ. "ಈ ಕೋಣೆಯೊಂದು ಬಿಟ್ಟು ಮನೆಯೆಲ್ಲ ನಿಮ್ಮದೇ ಅಂದ್ಕೊಳ್ಳಿ" ಎಂದು ತಂಗಿ ಜೇನು ಸುರಿಸುವುದು ಕೇಳಿಸಿತು. ಹಲ್ಲಕ್ಕ ಹಲ್ಲುಕಚ್ಚಿಕೊಂಡು ತನ್ನ ಹಾಸಿಗೆಯ ಸುರುಳಿಯ ಮೇಲೆ ಕೂತು, ಕಿಟಕಿಯ ಬೆಳಕಿಗೆ ಒಂದೊಂದೇ ಮೇಲ್ದವಡೆ ಹಿಡಿದು, ಕೆಳದವಡೆಗಳನ್ನು ಅದಕ್ಕೆ ಕಚ್ಚಿಸಿ ನೋಡತೊಡಗಿದಳು. ಎಷ್ಟೋ ವರ್ಷ ಒಂದಕ್ಕೊಂದು ತಿಕ್ಕಿ ಸವೆದ ಹಲ್ಲುಗಳು ತಮ್ಮ ಜೊತೆಯದು ಸಿಕ್ಕಾಗ ಅಲುಗಾಡದೆ ಕೂರುತ್ತವೆ. ತಪ್ಪು ಜೊತೆ ಕುಂಟುತ್ತದೆ. ಮೂರು ಗಂಟೆಗೆ ಒಂಬತ್ತು ಜೊತೆಯಾಯಿತು. ನಾಲ್ಕೂವರೆಗೆ ಹತ್ತೊಂಬತ್ತು. ಐದಕ್ಕೆ ಸರಿಯಾಗಿ ಇಪ್ಪತ್ತೆರಡನೆಯದೂ ಟಕ್ಕೆಂದು ಕೂತಾಗ ಅವಳಿಗೆ ಎಷ್ಟು ಹೆಮ್ಮೆಯಾಯಿತೆಂದರೆ ಕಣ್ಣು ತುಂಬಿಬಂತು.

ಆ ಹುರುಪಿನಲ್ಲೇ ಡಾಕ್ಟರಿಗೆ ಫೋನು ಮಾಡಿದಳು. "ಸೋಮವಾರ ಹತ್ತಕ್ಕೆ ಏಳೂ ತರ್ತೀನಿ ಸಾರ್."

ಆ ಕಡೆ ಅವರು ತುಸು ತಡವರಿಸಿದರು. "ಅಯ್ಯೋ, ನಿಮ್ಮ ತಂಗಿ ಹೇಳಲಿಲ್ವಾ? ಬೆಳಿಗ್ಗೇನೇ ಫೋನ್ ಮಾಡಿದ್ರು. ನಿಮಗೆ ಕೈ ನಡುಗತ್ತಂತೆ, ಹೇಳ್ಕೊಳ್ಳೋಕೆ ಸಂಕೋಚವಂತೆ, ಇನ್ಮೇಲೆ ಕೆಲಸ ಕಳಿಸಬೇಡಿ ಅಂದ್ರು."

ಹಲ್ಲಕ್ಕ ತನ್ನ ಕೈ ನೋಡಿಕೊಂಡಳು. ಈಗತಾನೆ ಇಪ್ಪತ್ತೆರಡು ಜೊತೆ ಕೂರಿಸಿದ ಕೈ. ದವಡೆ ಬೆರೆಸಿದ್ದನ್ನು ದಡ್ಡತನ ಎಂದಾದರೂ ಬಿಡಬಹುದಿತ್ತು. ಇದನ್ನು ಏನೆಂದು ಬಿಡುವುದು? ಒಡಹುಟ್ಟಿದವಳು, ತಾನು ಎತ್ತಿ ಆಡಿಸಿದವಳು, ಎರಡು ಮಂಚ ಹಾಕುವುದಕ್ಕಾಗಿ ತನ್ನ ಕೈಯನ್ನೇ ಕತ್ತರಿಸಲು ಹೊರಟಿದ್ದಳಲ್ಲ!

"ಸುಳ್ಳು ಸಾರ್. ಸೋಮವಾರ ನಾನೇ ಬರ್ತೀನಿ. ಹಲ್ಲನ್ನೂ ನೋಡಿ, ಕೈಯನ್ನೂ ನೋಡಿ."

"ಹತ್ತಕ್ಕೆ ಏಳೂ ಬಂದ್ರೆ, ನಂಗೆ ಯಾವ ಫೋನೂ ಬಂದಿಲ್ಲ ಅಂದ್ಕೋತೀನಿ. ಆದ್ರೆ ಒಂದು ಕಮ್ಮಿಯಾದ್ರೂ ಕ್ಷಮಿಸಿ, ಬೇರೆಯವರನ್ನ ನೋಡ್ಕೋತೀನಿ" ಎಂದರು ಅವರು.

ಅಚ್ಚಿನ ಅಂಚು ಉಜ್ಜುವ, ಹಲ್ಲಿಗೆ ಮೆರುಗು ಕೊಡುವ ಮೋಟಾರು ಬೆಂಚಿಗೇ ಬೋಲ್ಟು ಹಾಕಿ ಕೂರಿಸಿದ್ದು. ಅದು ಇದ್ದುದು ಆ ಹೂವಿನ ಬಟ್ಟೆಯ ಅಡಿಯಲ್ಲಿ. ಹಲ್ಲಕ್ಕ ಎದ್ದು ಎರಡೂ ಮುಷ್ಟಿಯಿಂದ ಕದ ಗುದ್ದತೊಡಗಿದಳು.

ಆಚೆ ನಗು ಗಪ್ಪೆಂದು ನಿಂತಿತು. "ಒಳಗ್ಯಾರೋ ಇದಾರೆ!" ಎಂದು ಒಬ್ಬ ಹೆಂಗಸು ಚೀರಿದಳು. ಯಾರೋ ತಂಗಿಗೆ ಫೋನು ಮಾಡಿದರು. ಹತ್ತು ನಿಮಿಷಕ್ಕೆ ಅವಳು ಏದುಸಿರು ಬಿಡುತ್ತ ಬಂದು ಬೀಗ ತೆಗೆದಳು. ಎಂಟೂ ಜನ ಹಿಂದೆ ನಿಂತಿದ್ದರು. ತಲೆ, ಮುಖವೆಲ್ಲ ಪ್ಲಾಸ್ಟರ್ ಪುಡಿ ಮೆತ್ತಿಕೊಂಡು, ಬುಟ್ಟಿಯ ತುಂಬ ದವಡೆ ಇಟ್ಟುಕೊಂಡು ಹೊರಬಂದವಳನ್ನು ಕಂಡು ಎಲ್ಲರೂ ಎರಡೆರಡು ಹೆಜ್ಜೆ ಹಿಂದೆ ಸರಿದರು.

"ಯಾರು ಇವರು?" ಎಂದಳು ಚೀರಿದ ಹೆಂಗಸು.

ತಂಗಿ ಅಡ್ಡ ಬಂದಳು. "ಕೆಲಸದವರು. ಕ್ಲೀನ್ ಮಾಡೋಕೆ ಬಂದಿದ್ರು. ನೋಡದೆ ಬೀಗ ಹಾಕ್ಬಿಟ್ಟೆ."

ಹಲ್ಲಕ್ಕ ಬಯ್ಯಲು ಬಾಯಿಗೆ ಬಂದದ್ದನ್ನೆಲ್ಲ ನುಂಗಿಕೊಂಡು, ಬಂದ ಹೆಂಗಸಿನ ಕಡೆ ತಿರುಗಿದಳು.

"ಕೆಲಸದವಳಲ್ಲಮ್ಮ, ಈ ಮನೆಯವಳು. ನನ್ನನ್ನೂ ಸಾಮಾನಿನ ಜೊತೆ ಒಳಗಿಟ್ಟಿದ್ಲು" ಎಂದಳು.

ಅವಳು ನೆಟ್ಟಗೆ ಮುಂದಿನ ಕೋಣೆಗೆ ಹೋಗಿ, ಹೂದಾನಿಯನ್ನು ಕಿಟಕಿಯಲ್ಲಿಟ್ಟು, ಬಟ್ಟೆ ಎಳೆದು ಹಾಕಿ, ಬೆಂಚಿನ ದೀಪ ಹಚ್ಚಿದಳು. ತಂಗಿ ಹಿಂದೆಯೇ ಬಂದು ಪಿಸುಗುಟ್ಟಿದಳು: "ಮಾನ ಕಳೆದ್ಯಲ್ಲೇ ನನ್ನ! ಇವತ್ತಿಂದ ನಂಗೆ ಅಕ್ಕ ಇಲ್ಲ ಅಂದ್ಕೋತೀನಿ."

"ಬೆಳಿಗ್ಗೆ ಡಾಕ್ಟರಿಗೆ ಫೋನ್ ಮಾಡುವಾಗಲೇ ಅಂದ್ಕೊಂಡಿದ್ಯಲ್ಲ" ಎಂದಳು ಹಲ್ಲಕ್ಕ.

ಹಲ್ಲಕ್ಕ ಮೊದಲನೆಯ ಜೊತೆ ಎತ್ತಿಕೊಂಡು ಮೋಟಾರು ಹಾಕಿದಳು. ಆಮೇಲೆ ತಂಗಿ ಏನಂದಳೋ ಆ ಸದ್ದಿನಲ್ಲಿ ಕೇಳಿಸಲಿಲ್ಲ. ಬಂದವರು ಒಬ್ಬೊಬ್ಬರಾಗಿ ಒಳಗೆ ಬಂದು, ಮಂಚದ ಮೇಲಿದ್ದ ತಮ್ಮ ಚೀಲಗಳನ್ನು ಎತ್ತಿಕೊಳ್ಳತೊಡಗಿದರು.