ಇಲ್ಲ ಮಾವ

"ಕೇಳಿಸ್ತಾ?"

"ಇಲ್ಲ ಮಾವ."

ಮಾವ ಆಕ್ಸಿಲರೇಟರನ್ನು ಇನ್ನಷ್ಟು ಅದುಮಿದರು. ನಾಲ್ಕನೇ ಗೇರಿನಲ್ಲಿ ಆಮೆ ವೇಗದಲ್ಲಿ ಏರು ಹತ್ತಿಸಿದರೆ ಎಂಥ ಎಂಜಿನ್ನೂ ಏದುಸಿರು ಬಿಡುತ್ತದೆ. ಪೆಟ್ರೋಲಿನ ಗುಣ ಸಾಲದೆ ಹೋದರೆ ಕಿಡಿಯ ಬೆಂಕಿ ಮುಟ್ಟುವ ಮುಂಚೆಯೇ ಸಿಲಿಂಡರಿನ ಮೂಲೆಯಲ್ಲಿದ್ದದ್ದು ತಾನಾಗಿ ಸಿಡಿದು ಪಿಸ್ಟನ್ನಿನ ನೆತ್ತಿಗೆ ಬಡಿಯುತ್ತದೆ. ಮೆಕ್ಯಾನಿಕ್ಕುಗಳ ಬಾಯಲ್ಲಿ ಅದು ನಾಕಿಂಗ್. ರಸ್ತೆಯ ಪಕ್ಕ ಉದ್ದಕ್ಕೂ ಕಲ್ಲಿನ ತಡೆಗೋಡೆ ಇತ್ತು. ಸದ್ದು ಅದಕ್ಕೆ ತಾಗಿ ವಾಪಸು ಬರುತ್ತದೆಂದು ಮೂವತ್ತು ವರ್ಷದಿಂದ ಅವರು ಎಲ್ಲ ಗಾಡಿಗಳನ್ನೂ ಈ ಏರಿನಲ್ಲೇ ಪರೀಕ್ಷೆ ಮಾಡುತ್ತಿದ್ದರು.

"ಈಗ?"

ಅಳಿಯ ಒಂದು ಕ್ಷಣ ತಡೆದ. "ಇಲ್ಲ ಮಾವ."

"ನನಗೂ ಇಲ್ಲ," ಎಂದು ಮಾವ ತಲೆಯಾಡಿಸಿದರು. ತುದಿ ಮುಟ್ಟಿದೊಡನೆ ಎಂಜಿನ್ ಆರಿಸಿ, ಸುತ್ತಿ ಇಳಿಯುವ ರಸ್ತೆಯಲ್ಲಿ ಗಾಡಿಯನ್ನು ಉರುಳಿಸಿಕೊಂಡೇ ಶೆಡ್ಡಿಗೆ ತಂದರು. ಎಂಜಿನ್ ಓಡಿಸುತ್ತ ಬಂದರೆ ಏರಿನಲ್ಲಿ ಕಿಡಿ ಹೊತ್ತಿಸುವ ಪ್ಲಗ್ಗಿನ ಮೇಲೆ ಬಿದ್ದ ಗುರುತು ಅಳಿಸಿಹೋಗುತ್ತದೆ.

ಆರು ಪ್ಲಗ್ಗುಗಳನ್ನು ಬಿಚ್ಚಿ ಹಳೆಯ ಪೇಪರಿನ ಮೇಲೆ ಸಾಲಾಗಿಟ್ಟು, ಭೂತಗನ್ನಡಿ ಹಿಡಿದು ಬಗ್ಗಿದರು. ಮೂರನೆಯದಕ್ಕೆ ಬರುವಷ್ಟರಲ್ಲಿ ಅವರ ಮುಖ ಇಳಿದುಹೋಯಿತು. ಬಿಳಿ ಪಿಂಗಾಣಿಯ ಮೇಲೆ ಮೆಣಸಿನ ಪುಡಿ ಉದುರಿಸಿದಂಥ ಕಪ್ಪು ಚುಕ್ಕೆಗಳು. ಅವುಗಳ ನಡುವೆ ಸಾಸಿವೆಗಿಂತ ಸಣ್ಣ ಎರಡು ಹೊಳೆಯುವ ಗುಂಡು. ಅದು ಪಿಸ್ಟನ್ನಿನ ಲೋಹ. ಒಳಗೆ ಪಿಸ್ಟನ್ ಕರಗುತ್ತಿತ್ತು.

"ಸದ್ದೇ ಇಲ್ಲದೆ ಹೆಂಗೆ ಕರಗುತ್ತೆ?" ಎಂದು ಅವರು ಪ್ಲಗ್ಗನ್ನೇ ಕೇಳಿದರು.

ಕಾರು ಹಲ್ಲಿನ ಡಾಕ್ಟರಮ್ಮನದು. ಉದ್ದ ಮೂತಿ, ಹಸಿರು ಬಣ್ಣ, ಮೂರು ಕಾರ್ಬುರೇಟರು. ತನ್ನ ಕಾಲದಲ್ಲಿ ಸೀಸ ಬೆರೆಸಿದ, ಒತ್ತಡಕ್ಕೆ ಜಗ್ಗದ ಪೆಟ್ರೋಲು ಕುಡಿದು ಬೆಳೆದ ಎಂಜಿನ್ನು. ಆ ಪೆಟ್ರೋಲು ಎಲ್ಲೂ ಸಿಗುವುದು ನಿಂತು ಎಷ್ಟೋ ವರ್ಷವಾಗಿತ್ತು. ಭಾನುವಾರ ಹಳೆಯ ಕಾರುಗಳ ಬೆಟ್ಟದ ಓಟವಿತ್ತು. ಡಾಕ್ಟರಮ್ಮ ಕೀಲಿ ಕೊಡುವಾಗ, "ಯಾವ ಪೆಟ್ರೋಲು, ಅದಕ್ಕೆ ಬೆರೆಸೋ ಔಷಧಿ ಎಷ್ಟು ಅಂತ ಒಂದು ಚೀಟಿ ಬರೆದುಕೊಡಿ ಸಾಕು, ನೀವು ಹೇಳಿದ್ದನ್ನೇ ಹಾಕ್ತೀನಿ," ಎಂದಿದ್ದರು. ಈ ಎಂಜಿನ್ನನ್ನು ಇಪ್ಪತ್ತು ವರ್ಷದ ಹಿಂದೆ ಬಿಚ್ಚಿ ಕಟ್ಟಿದವರು ಮಾವನೇ. ಆಗ ಹಾಕಿದ ಆರು ಪಿಸ್ಟನ್ನುಗಳೇ ಕೊನೆಯವು, ಈಗ ಎಲ್ಲೂ ಸಿಗುವುದಿಲ್ಲ. ಒಂದು ತೂತಾದರೆ ಕಾರು ಮತ್ತೆ ಏಳುವುದಿಲ್ಲ. ಎಂಜಿನ್ನಿನ ರೋಗವನ್ನು ಕಿವಿಯಿಂದಲೇ ಹಿಡಿಯುತ್ತಾರೆಂದು ಊರವರು ಪ್ರೀತಿಯಿಂದ ಸ್ಟೆತಸ್ಕೋಪ್ ಎಂದು ಕರೆಯುತ್ತಿದ್ದ ಮಾವನ ಕೈಯಲ್ಲೇ ಅದು ಸತ್ತಿತು ಎಂದಾಗುತ್ತದೆ.

ಅದಕ್ಕೇ ಮೂರು ದಿನದಿಂದ ಈ ಪರದಾಟ. ಮೊದಲ ದಿನ ಬಂಕಿನ ಸಾದಾ ಪೆಟ್ರೋಲು. ಅದರಲ್ಲಿ ಬೆರೆಸಿದ್ದ ಸ್ಪಿರಿಟ್ಟು ಹಳೆಯ ರಬ್ಬರ್ ಪೈಪುಗಳನ್ನು ಮೆತ್ತಗೆ ಮಾಡಿತು, ಅಷ್ಟನ್ನೂ ಬದಲಾಯಿಸಿದ್ದಾಯಿತು. ಎರಡನೇ ದಿನ ದುಬಾರಿ ಪೆಟ್ರೋಲು, ಜೊತೆಗೆ ನಾಕಿಂಗ್ ತಡೆಯುವುದೆಂದು ಅಳಿಯನ ಅಂಗಡಿಯ ಒಂದು ಸೀಸೆ ದ್ರಾವಣ. ಆಯಿಲ್ಲು, ಗ್ರೀಸು, ಎಂಜಿನ್ನಿನ ತರಹೇವಾರಿ ದ್ರಾವಣ ಮಾರುವುದು ಅಳಿಯನ ಕಸುಬು. ಅವನ್ನೆಲ್ಲ ಮಾವ ಒಟ್ಟಾಗಿ ಕೆಮ್ಮಿನ ಔಷಧಿ ಎನ್ನುತ್ತಿದ್ದರು. ಇವತ್ತು ಮೂರನೇ ದಿನ, ಎರಡು ಪಾಲು ಔಷಧಿ. ಮೂರು ದಿನವೂ ಕಿವಿಗೆ ಎಲ್ಲ ನೆಟ್ಟಗಿತ್ತು. ಮೂರು ದಿನವೂ ಪ್ಲಗ್ಗು ಬೇರೆಯೇ ಕಥೆ ಹೇಳಿತು.

"ನೋಡಿ ಅಳಿಯಂದ್ರೇ," ಎಂದು ಮಾವ ಪ್ಲಗ್ಗನ್ನು ಅವನ ಮೂಗಿನ ಮುಂದೆ ಹಿಡಿದರು. "ಅಂಚಿನ ಇಟ್ಟಿಗೆ ಬಣ್ಣ ನೋಡಿ. ಇದು ನಿಮ್ಮ ಸೀಸೆಯದು. ಪಿಸ್ಟನ್ ತಿಂತಿರೋದೂ ಅದೇ ಇರಬೇಕು."

"ಇರಬಹುದು ಮಾವ."

"ಇರಬಹುದು ಅಂದ್ರೆ? ಮಾರೋರು ನೀವು. ತಿನ್ನುತ್ತೋ ಇಲ್ವೋ?"

"ಬಣ್ಣ ಬರೋದು ಹೌದು ಮಾವ. ತಿನ್ನೋದು..." ಅಳಿಯ ಕೈಯೊರೆಸುವ ಬಟ್ಟೆಯನ್ನು ಮಡಚಿದ, ಬಿಡಿಸಿದ. "ನೀವು ಹೇಳ್ತೀರಿ ಅಂದ್ರೆ ಇರಬಹುದು."

ಇಂಥವನ ಜೊತೆ ಜಗಳವಾಡುವುದಾದರೂ ಹೇಗೆ? ಮದುವೆಯಾದ ಹೊಸದರಲ್ಲಿ ಟೈರಿನ ಗಾಳಿಯ ವಿಷಯದಲ್ಲಿ ಅವನು ಒಮ್ಮೆ ಎದುರಾಡಿದ್ದ. ಮಾವ ಒಂದು ತಿಂಗಳು ಅವನ ಜೊತೆ ಮಾತು ಬಿಟ್ಟಿದ್ದರು. ಅಂದೇ ಹೆಂಡತಿ, "ಅಪ್ಪ ಏನಂದ್ರೂ ಹೂಂ ಅನ್ನಿ, ನಿಮ್ಮ ಗಂಟೇನು ಹೋಗುತ್ತೆ," ಎಂದು ಕಟ್ಟುನಿಟ್ಟಾಗಿ ಹೇಳಿದ್ದಳು. ಆರು ವರ್ಷದಿಂದ ಅವನು ಅದನ್ನು ಚಾಚೂ ತಪ್ಪದೆ ಪಾಲಿಸಿಕೊಂಡು ಬಂದಿದ್ದ.

ಮಾವನಿಗೆ ಮೈಯೆಲ್ಲ ಉರಿಯುತ್ತಿತ್ತು. ಬೇರೆ ಯಾರಾದರೂ ಆಗಿದ್ದರೆ ಸ್ಪ್ಯಾನರ್ ಎಸೆದು ಬೈದು ಹಗುರಾಗುತ್ತಿದ್ದರು. ಅಳಿಯನಿಗೆ ಬಹುವಚನದಲ್ಲಿ ಎಷ್ಟೆಂದು ಬೈಯುವುದು? ಸೀಸೆಯನ್ನೆತ್ತಿ ಕಸದ ಡಬ್ಬಕ್ಕೆ ಒಗೆದರು. ಅದು ಗುರಿ ತಪ್ಪಿ ನೆಲದ ಮೇಲೆ ಉರುಳಿತು.

ಅಷ್ಟರಲ್ಲಿ ಅತ್ತೆ ಹಿತ್ತಲ ಬಾಗಿಲಿಂದ ಒಣಗಿದ ಬಟ್ಟೆಯ ಹೊರೆಯೊಂದಿಗೆ ಬಂದರು. ಏರು ರಸ್ತೆಯ ತಡೆಗೋಡೆ ಹಿತ್ತಲ ಎದುರಿಗೇ ಇತ್ತು.

"ಏನ್ರೀ ಅದು, ಮೂರು ದಿನದಿಂದ ಒಂದೇ ಸಮನೆ? ಡಬ್ಬದಲ್ಲಿ ಕಲ್ಲು ಹಾಕಿ ಕುಲುಕಿದ ಹಾಗೆ. ಬಟ್ಟೆ ತೆಗೀತಾ ಇದ್ದೆ, ಈ ತುದಿಯಿಂದ ಆ ತುದಿವರೆಗೂ ಟಿಣಿಟಿಣಿ ಅಂತ ಕೇಳಿಸ್ತು."

ಮಾವ ಹೆಂಡತಿಯ ಮುಖ ನೋಡಿದರು, ಆಮೇಲೆ ಅಳಿಯನ ಮುಖ. ಅಳಿಯ ನೆಲ ನೋಡುತ್ತಿದ್ದ.

"ನಿಮಗೆ ಕೇಳಿಸಿತ್ತಾ?"

"ಕೇಳಿಸಿತ್ತು ಮಾವ."

"ಇವತ್ತು?"

"ಮೊದಲನೇ ದಿನದಿಂದಾನೂ."

"ಮತ್ತೆ ಇಲ್ಲ ಇಲ್ಲ ಅಂತಿದ್ರಲ್ಲ!"

"ನೀವು ಇಲ್ಲ ಅಂದ್ರಿ ಮಾವ. ನಿಮ್ಮ ಕಿವಿ ಮುಂದೆ ನಾನು... ನನಗೇ ಏನೋ ಭ್ರಮೆ ಇರಬೇಕು ಅಂದುಕೊಂಡೆ. ಆಮೇಲೆ ಭ್ರಮೆ ಅಲ್ಲ ಅಂತ ಗೊತ್ತಾಯ್ತು. ಗೊತ್ತಾದ ಮೇಲೆ ಹೇಳೋಕೆ ಬಾಯಿ ಬರಲಿಲ್ಲ."

"ಪಿಸ್ಟನ್ ತೂತಾಗಿ ಆಯಿಲ್ಲು ಹೊರಗೆ ಚೆಲ್ಲಿದ್ರೆ? ಆಗಲೂ ಇಲ್ಲ ಮಾವ ಅಂತಿದ್ರಾ?"

ಅತ್ತೆ ಬಟ್ಟೆಯನ್ನು ಬೆಂಚಿನ ಮೇಲೆ ಇಳಿಸಿದರು. "ಅವರನ್ನ ಯಾಕೆ ಬೈತೀರಿ? ಬಾಗಿಲ ಬೆಲ್ಲು ನಿಮಗೆ ಕೇಳಿಸದೆ ಎರಡು ವರ್ಷ ಆಯ್ತು. ಹೇಳಿದ್ರೆ ಬೆಲ್ಲೇ ಸರಿಯಿಲ್ಲ ಅಂತ ಎರಡು ಸಲ ಬೆಲ್ಲು ಬದಲಾಯಿಸಿದ್ರಿ."

ಮಾವ ಸ್ಟೂಲಿನ ಮೇಲೆ ಕುಳಿತರು. ನಾಚಿಕೆಯೂ ಆಯಿತು, ಭಯವೂ ಆಯಿತು. ಈ ಎರಡು ವರ್ಷದಲ್ಲಿ ಎಷ್ಟು ಗಾಡಿಗಳನ್ನು ಸರಿಯಾಗಿದೆ ಎಂದು ಕಳಿಸಿದೆನೋ ಎಂದು ಎಣಿಸಲು ಹೋಗಿ ಅರ್ಧದಲ್ಲೇ ಬಿಟ್ಟರು. ಅತ್ತೆ ಅಷ್ಟು ಹೊತ್ತೂ ಒಂದೇ ಅಂಗಿಯನ್ನು ಮಡಚುತ್ತ ನಿಂತಿದ್ದರು.

ಕೊನೆಗೆ ಎದ್ದು ಟ್ಯಾಂಕಿನಲ್ಲಿದ್ದದ್ದನ್ನೆಲ್ಲ ಕ್ಯಾನಿಗೆ ಇಳಿಸಿದರು. ಅಟ್ಟದ ಮೇಲಿಂದ ರೇಸಿನವರು ಬಳಸುವ ಪೆಟ್ರೋಲಿನ ಸೀಲು ಮಾಡಿದ ಡಬ್ಬ ತೆಗೆದು, ಬಂಕಿನ ದುಬಾರಿ ಪೆಟ್ರೋಲು ಮೂರು ಪಾಲಿಗೆ ಅದರದು ಒಂದು ಪಾಲು ಬೆರೆಸಿದರು. ಔಷಧಿ ಮುಟ್ಟಲಿಲ್ಲ. ಪ್ಲಗ್ಗುಗಳನ್ನು ಒರೆಸಿ ಮತ್ತೆ ಕೂರಿಸಿದರು. ಅಳಿಯ ಕೇಳದೆಯೇ ಒಂದೊಂದಾಗಿ ಎತ್ತಿಕೊಟ್ಟ.

"ಹತ್ತಿ," ಎಂದರು. "ಈ ಸಲ ನಾನು ಕೇಳಲ್ಲ. ನೀವೇ ಹೇಳಬೇಕು."

"ಆಗಲಿ ಮಾವ."

ಏರಿನ ಬುಡದಲ್ಲಿ ನಾಲ್ಕನೇ ಗೇರು ಬಿತ್ತು. ಮಾವ ಪಾದವನ್ನು ನೆಲದವರೆಗೆ ಒತ್ತಿದರು. ಎಂಜಿನ್ನು ದಪ್ಪ ದನಿಯಲ್ಲಿ ಗೊಣಗಿಕೊಂಡು ಮೇಲೇರತೊಡಗಿತು. ಅವರ ಕಿವಿಗೆ ಬಂದದ್ದು ಆ ಗೊಣಗಾಟ ಮಾತ್ರ. ಅದರಾಚೆ ಏನಿದೆಯೋ ಏನಿಲ್ಲವೋ. ಓರೆಗಣ್ಣಲ್ಲಿ ನೋಡಿದರು. ಅಳಿಯನ ತುಟಿ ಬಿಗಿದಿತ್ತು, ಎರಡೂ ಕೈ ಮೊಣಕಾಲನ್ನು ಹಿಡಿದಿದ್ದವು. ಅರ್ಧ ಏರು ಮುಗಿಯಿತು. ಅವನ ಬಾಯಿ ಒಮ್ಮೆ ತೆರೆಯಿತು, ಮುಚ್ಚಿತು.

"ಹೇಳೋ!" ಎಂದು ಮಾವ ಕಿರುಚಿದರು.

"ಹೊಡೀತಿದೆ!" ಅಳಿಯನ ದನಿ ಕಾರಿನೊಳಗೆಲ್ಲ ತುಂಬಿತು. "ಹೊಡೀತಿದೆ, ಕಾಲು ತೆಗಿ!"

ಮಾವ ಪಟ್ಟನೆ ಕಾಲೆತ್ತಿದರು. ಗಾಡಿ ಮುಗ್ಗರಿಸಿದಂತಾಗಿ ನಿಧಾನವಾಯಿತು. ಮಾವನನ್ನು ಏಕವಚನದಲ್ಲಿ ಗದರಿದೆನೆಂಬುದು ಅಳಿಯನಿಗೆ ಆಗ ಹೊಳೆಯಿತು. ಅವನ ಮುಖ ಕೆಂಪಾಯಿತು. ಮಾವನ ಕಡೆ ತಿರುಗಿ, ಎಂದಿನ ಸಣ್ಣ ದನಿಯಲ್ಲಿ ಏನೋ ಹೇಳತೊಡಗಿದ. ತಪ್ಪಾಯಿತು ಎಂದಿರಬೇಕು.

"ಜೋರಾಗಿ ಹೇಳು," ಎಂದರು ಮಾವ. ರಸ್ತೆಯಿಂದ ಕಣ್ಣು ಕೀಳಲಿಲ್ಲ. "ನನಗೆ ಕೇಳಿಸಲ್ಲ."

ಅಳಿಯ ಮತ್ತೆ ಗೋಡೆಯ ಕಡೆ ತಿರುಗಿದ.

"ಮತ್ತೆ ಮೆಲ್ಲಗೆ ಒತ್ತುತ್ತೀನಿ. ಎಲ್ಲಿ ಶುರುವಾಗುತ್ತೆ, ಎಲ್ಲಿ ನಿಲ್ಲುತ್ತೆ, ಎರಡೂ ಹೇಳು."

ಅಳಿಯ ತನ್ನ ಕಡೆಯ ಕಿಟಕಿಯ ಗಾಜನ್ನು ಪೂರ್ತಿ ಕೆಳಗಿಳಿಸಿ, ತಲೆಯನ್ನು ಹೊರಗೆ ಹಾಕಿ, ಕಲ್ಲುಗೋಡೆಯ ಕಡೆಗೆ ಕಿವಿ ಕೊಟ್ಟು ಕುಳಿತ.