ನಿರ್ದೇಶಕರ ವರ್ಗದ ನಕ್ಷತ್ರಗಳು

ಹೊಸ ವರ್ಗದ ಮೊದಲ ನಕ್ಷತ್ರ ಸಿಕ್ಕಿದ ದಿನ ವೀಕ್ಷಣಾಲಯದಲ್ಲಿ ಸಿಹಿ ಹಂಚಿದರು. ನಕ್ಷತ್ರದ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿದರೆ ಬರುವ ಪಟ್ಟೆಗೆ ರೋಹಿತ ಎನ್ನುತ್ತಾರೆ. ಅದರೊಳಗಿನ ಗೆರೆಗಳನ್ನು ನೋಡಿ, ಇದು ಬಿಸಿಯದು, ಇದು ತಣ್ಣಗಿನದು ಎಂದು ವರ್ಗ ಕಟ್ಟುವುದು ಅಲ್ಲಿಯವರ ಕೆಲಸ. ಈ ನಕ್ಷತ್ರದ ರೋಹಿತದಲ್ಲಿ ಹಸಿರಿನ ಜಾಗದಲ್ಲೊಂದು ಗೆರೆ ಸಾಣೆ ಹಿಡಿದ ಕತ್ತಿಯಂತೆ ಹೊಳೆಯುತ್ತಿತ್ತು. ವರ್ಗಕ್ಕೆ ನಿರ್ದೇಶಕರ ಹೆಸರನ್ನೇ ಇಟ್ಟರು. ಬೇಡ ಬೇಡ ಎನ್ನುತ್ತಲೇ ಅವರು ಪದಕಕ್ಕೆ ಕತ್ತು ಬಗ್ಗಿಸಿದರು.

ಪಕ್ಕದ ನಕ್ಷತ್ರದಲ್ಲೂ ಅದೇ ಗೆರೆ ಸಿಕ್ಕಿತು. ಅದರಾಚೆಯದರಲ್ಲೂ ಸಿಕ್ಕಿತು. ನೋಡನೋಡುತ್ತ ಆಕಾಶವೆಲ್ಲ ನಿರ್ದೇಶಕರ ವರ್ಗಕ್ಕೆ ಸೇರಿಹೋಯಿತು. ಯಾರಿಗೂ ಅನುಮಾನ ಬರಲಿಲ್ಲ. ಎತ್ತ ನೋಡಿದರೂ ಅವರ ಹೆಸರೇ ಕಾಣುವುದು ಆ ಕಚೇರಿಯ ಗೋಡೆಗಳಿಗೆ ಹೊಸದಾಗಿರಲಿಲ್ಲ.

ಅನುಮಾನ ಬಂದದ್ದು ನಿರ್ದೇಶಕರ ನಾದಿನಿಗೆ. ಅವಳೂ ಅಲ್ಲೇ ಕೆಲಸಕ್ಕಿದ್ದಳು. ಆಕಾಶದ ಒಂದು ಮೂಲೆಯಲ್ಲಿ ಏನೋ ಕ್ಷ-ಕಿರಣ ಕಾರುತ್ತಿದೆ ಎಂದು ಉಪಗ್ರಹವೊಂದು ತೋರಿಸಿಕೊಟ್ಟಿತ್ತು. ಅಲ್ಲಿರುವುದು ಎಂಥ ನಕ್ಷತ್ರ ಎಂದು ರೋಹಿತ ತೆಗೆದು ಹೇಳಬೇಕಾದವಳು ಇವಳು. ಅದೋ ದಿನದಿಂದ ದಿನಕ್ಕೆ ಮಂಕಾಗುತ್ತಿತ್ತು. ಒಮ್ಮೆ ಆರಿದರೆ ಇವಳ ಆಯುಸ್ಸಿನೊಳಗೆ ಮತ್ತೆ ಹೊತ್ತಿಕೊಳ್ಳುತ್ತದೆಂಬ ಭರವಸೆಯಿರಲಿಲ್ಲ. ಎಷ್ಟು ಸಲ ತೆಗೆದರೂ ರೋಹಿತದ ತುಂಬ ಆ ಹಸಿರು ಗೆರೆಯದೇ ದರ್ಬಾರು. ಅಳೆದು ನೋಡಿದಳು. ಪಾದರಸದ ಗೆರೆ. ಪಾದರಸದ ದೀಪ ಉರಿಯುತ್ತಿದ್ದದ್ದು ದೂರದರ್ಶಕದ ಗುಮ್ಮಟದ ಎದುರಿಗೇ, ಅಕ್ಕ-ಭಾವನ ಮನೆಯ ತಾರಸಿಯ ಮೇಲೆ.

ವರ್ಗೀಕರಣ ಸಮಿತಿಯಲ್ಲಿ ಎದ್ದು ನಿಂತು ಹೇಳಿಯೇಬಿಟ್ಟಳು.

"ಭಾವ, ಅದು ನಿಮ್ಮ ಮನೆ ದೀಪ."

"ಕಚೇರೀಲಿ ಭಾವ ಅನ್ಬೇಡ."

"ಸರ್, ಅದು ನಿಮ್ಮ ಮನೆ ದೀಪ. ಆರಿಸಿಬಿಡಿ. ನನ್ನ ನಕ್ಷತ್ರ ಕೈ ತಪ್ಪಿ ಹೋಗ್ತಿದೆ."

ಉಪನಿರ್ದೇಶಕರು ಕನ್ನಡಕ ಒರೆಸಿಕೊಂಡರು. "ನೋಡಮ್ಮ, ಇಡೀ ಆಕಾಶ ಒಂದು ಕಡೆ, ನೀನೊಬ್ಬಳು ಒಂದು ಕಡೆ. ನಾವು ಯಾರನ್ನ ನಂಬೋಣ?"

ದೀಪಕ್ಕೂ ಅದೇ ಗೆರೆ ಇರುವುದಂತೂ ನಿಜ ಎಂದು ಸಮಿತಿ ಒಪ್ಪಿತು. ಆದ್ದರಿಂದ ದೀಪವೂ ನಿರ್ದೇಶಕರ ವರ್ಗದ ನಕ್ಷತ್ರವೇ, ಭೂಮಿಗೆ ಎಲ್ಲಕ್ಕಿಂತ ಹತ್ತಿರದ್ದು, ಯಾವ ಕಾರಣಕ್ಕೂ ಆರಿಸತಕ್ಕದ್ದಲ್ಲ ಎಂದು ತೀರ್ಮಾನವಾಯಿತು. ತಾರಸಿಗೆ ಕಾವಲಿನವನೊಬ್ಬ ಬಂದ.

ಮರುದಿನ ಅವಳು ಅಕ್ಕನ ಅಡುಗೆಮನೆಗೆ ಹೋದರೆ ಅಕ್ಕನ ಕಣ್ಣು ಕೆಂಡವಾಗಿತ್ತು.

"ಮಲಗೋ ಕೋಣೆಗೆ ಪರದೆ ಹಾಕಕ್ಕೂ ಬಿಡಲ್ಲ ಕಣೇ ನಿನ್ನ ಭಾವ. ನಕ್ಷತ್ರಕ್ಕೆ ಬೆನ್ನು ತೋರಿಸಿದ ಹಾಗಾಗುತ್ತಂತೆ."

"ಮತ್ತೆ ನಿದ್ದೆ?"

"ಅವರಿಗೆ ಬರುತ್ತೆ. ಗೊರಕೇನೂ ಬರುತ್ತೆ. ನಾನು ಗೋಡೆ ನೋಡ್ಕೊಂಡು ಕೂತಿರ್ತೀನಿ." ಅಕ್ಕ ಪಾತ್ರೆ ಕುಕ್ಕಿದಳು. "ನಿನಗೆ ಕತ್ತಲೆ ಬೇಕು ತಾನೆ? ಬಟ್ಟೆ ಒಣಗಿಸೋ ಗಳ ಇದೆ."

"ಕಾವಲಿನವನು?"

"ಪಾಪ, ಅವನಿಗೂ ಕಣ್ಣುರಿ. ಸೀರೆ ಒಣಹಾಕೋ ನೆಪದಲ್ಲಿ ಬನ್ನಿ ಅಮ್ಮಾ, ಆ ಕಡೆ ತಿರುಗಿ ನಿಂತ್ಕೋತೀನಿ ಅಂದ."

ಸಂಜೆಗೆ ಮುಂಚೆ ನಕ್ಷತ್ರ ಚೂರುಚೂರಾಗಿ ತಾರಸಿಯ ಮೇಲೆ ಬಿದ್ದಿತ್ತು. ನಕ್ಷತ್ರಗಳು ಹೀಗೆ ಸಿಡಿದು ಸಾಯುವುದುಂಟು ಎಂದು ಸಮಿತಿ ಕೂಡಲೇ ತೀರ್ಪಿತ್ತಿತು. ಕತ್ತಲಾಗುತ್ತಲೇ ಸಂತಾಪ ಸಭೆ. ಅಗಲಿದ ನಕ್ಷತ್ರದ ಗೌರವಾರ್ಥ ಆವರಣದ ಎಲ್ಲ ದೀಪಗಳನ್ನೂ ಆರಿಸಿದರು. ಉಪನಿರ್ದೇಶಕರ ಕಣ್ಣೀರು ಕತ್ತಲಲ್ಲಿ ಯಾರಿಗೂ ಕಾಣುವಂತಿರಲಿಲ್ಲ. ಹಾಗಾಗಿ ಅವರು ಜೋರಾಗಿ ಅತ್ತರು.

ಆ ಸಭೆಗೆ ಹೋಗದವಳು ನಾದಿನಿ ಒಬ್ಬಳೇ. ಗುಮ್ಮಟದಲ್ಲಿ ಕೂತು ತನ್ನ ಮಂಕು ನಕ್ಷತ್ರದ ರೋಹಿತ ತೆಗೆದಳು. ಹಸಿರು ಗೆರೆ ಇರಲಿಲ್ಲ. ಅದರ ಬದಲು ಅಗಲವಾಗಿ, ನಡುವೆ ಸೀಳಿಕೊಂಡ ಜಲಜನಕದ ಗೆರೆ. ಅಂದರೆ ಬಿಸಿ ಅನಿಲ ಗಿರಗಿರನೆ ಸುತ್ತುತ್ತ ಕಣ್ಣಿಗೆ ಕಾಣದ ಯಾವುದೋ ಒಂದರ ಬಾಯಿಗೆ ಬೀಳುತ್ತಿತ್ತು. ಜೊತೆಗಿದ್ದ ನಕ್ಷತ್ರವನ್ನು ಅದು ಸುಲಿದು ಸುಲಿದು ತಿನ್ನುತ್ತಿತ್ತು. ಉಪಗ್ರಹ ಕಂಡ ಕ್ಷ-ಕಿರಣವೆಂದರೆ ಹಾಗೆ ತಿನ್ನುವಾಗ ಏಳುವ ಉರಿ.

ಬೆಳಿಗ್ಗೆ ಸಮಿತಿ ರೋಹಿತವನ್ನು ತಿರುವಿ ಮುರುವಿ ನೋಡಿತು.

"ಇದರಲ್ಲಿ ನಮ್ಮ ಗೆರೆ ಎಲ್ಲಮ್ಮ?" ಎಂದರು ಉಪನಿರ್ದೇಶಕರು.

"ಇಲ್ಲ."

"ಗೆರೆ ಇಲ್ಲ ಅಂದ್ಮೇಲೆ ವರ್ಗ ಇಲ್ಲ. ವರ್ಗ ಇಲ್ಲದ್ದು ನಕ್ಷತ್ರ ಹೇಗಾಗುತ್ತೆ?"

ಭಾವ ಮೆಲ್ಲಗೆ ಹತ್ತಿರ ಬಗ್ಗಿದರು. "ಹೊಸ ಬಲ್ಬು ಬರ್ತಿದೆ. ಹಾಕಿದ ಮೇಲೆ ಇನ್ನೊಂದ್ಸಲ ತೆಗಿ. ಸೇರಿಸ್ಕೋತೀವಿ."

"ತಿನ್ನಿಸ್ಕೊಳ್ತಿರೋದು ನಿಮ್ಮ ಬಲ್ಬು ಬರೋವರೆಗೆ ಉಳಿದಿರುತ್ತಾ ಭಾವ?"

ಅವಳು ರೋಹಿತವನ್ನು ದೊಡ್ಡದು ಮಾಡಿ ಕ್ಯಾಂಟೀನಿನ ಬಾಗಿಲಿಗೆ ಅಂಟಿಸಿದಳು. ಕೆಳಗೆ ದಪ್ಪ ಅಕ್ಷರಗಳಲ್ಲಿ ಬರೆದಳು: 'ಇಲ್ಲಿ ಒಂದು ಇನ್ನೊಂದನ್ನು ತಿನ್ನುತ್ತಿದೆ. ದೀಪ ಆರಿಸಿದರೆ ಮಾತ್ರ ಕಾಣುತ್ತದೆ.'

ಊಟದ ಹೊತ್ತಿಗೆ ಬಾಗಿಲ ಮುಂದೆ ಜನ ಕಿಕ್ಕಿರಿದಿದ್ದರು. ಗುಡಿಸುವವರು, ಗುಮಾಸ್ತರು, ಗುಮ್ಮಟ ತಿರುಗಿಸುವವರು, ಕೆಲಸ ಕಾಯಂ ಆಗದ ಹುಡುಗಿಯರು, ಎಲ್ಲರೂ ಓದುತ್ತಿದ್ದರು. ಯಾರೂ ಒಳಗೆ ಹೋಗಲಿಲ್ಲ. ನಿರ್ದೇಶಕರು ಗುಂಪು ಸರಿಸಿಕೊಂಡು ಬಂದು ತಾವೂ ಓದಿದರು.

"ಇದು ನನ್ನ ವಿಷಯಾನಾ?"

"ಎರಡು ನಕ್ಷತ್ರದ ವಿಷಯ, ಭಾವ."

"ಮತ್ಯಾಕೆ ಇವರೆಲ್ಲ ನನ್ನೇ ನೋಡ್ತಿದಾರೆ?"